ಗಾಯ ಮಾಯ್ದ ಮೇಲೆ ಗೆರೆ ನೋಡಿ

ಪ್ರಶ್ನೆ: ಮೇಡಂ, ನನಗೆ 23 ವರ್ಷ. ಬಿ.ಕಾಂ ಮುಗಿದಿದೆ. ಮೂರು ವರ್ಷದಿಂದ ರಾಣೆಬೆನ್ನೂರು, ಹಾವೇರಿ, ಹರಿಹರದ ಕಡೆ ಮದುವೆಗಳಲ್ಲಿ ಮದುಮಗಳಿಗೆ ಮೆಹಂದಿ ಹಾಕಿ ಅಷ್ಟಿಷ್ಟು ಸಂಪಾದಿಸುತ್ತಿದ್ದೇನೆ. ಈಗ ಟ್ಯಾಟೂ ಕಲಿಯಬೇಕೆಂಬ ಆಸೆ. ಹುಬ್ಬಳ್ಳಿಯ ಒಂದು ಸಂಸ್ಥೆಯವರು 60,000 ರೂಪಾಯಿಗೆ ಒಂದು ತಿಂಗಳ ಕೋರ್ಸ್ ಕೊಡುತ್ತಾರೆ. ದಿನಕ್ಕೆ ಮೂರು ಗಂಟೆ ಕ್ಲಾಸು, ಮಷಿನ್ ಕಿಟ್ ಉಚಿತ, ಜೊತೆಗೆ ‘ಅಂತರರಾಷ್ಟ್ರೀಯ ಸರ್ಟಿಫಿಕೇಟ್’. ಇನ್ನೊಂದು ಕಡೆ, ಬೆಂಗಳೂರಿನ ಒಬ್ಬ ಹಿರಿಯ ಕಲಾವಿದರು ನನ್ನ ಚಿತ್ರಗಳನ್ನು ನೋಡಿ, ಒಂದು ವರ್ಷ ತಮ್ಮ ಸ್ಟುಡಿಯೋದಲ್ಲಿ ಅಪ್ರೆಂಟಿಸ್ ಆಗಿ ಇರುವುದಾದರೆ ಕಲಿಸುತ್ತೇನೆ ಎಂದಿದ್ದಾರೆ. ಫೀಸಿಲ್ಲ. ಮೊದಲ ಆರು ತಿಂಗಳು ಸಂಬಳವೂ ಇಲ್ಲ, ಮೊದಲ ಮೂರು ತಿಂಗಳು ಮಷಿನ್ ಮುಟ್ಟುವಂತೆಯೂ ಇಲ್ಲ. “ಟೇಬಲ್ ಒರೆಸೋಕೆ ಬಿ.ಕಾಂ ಮಾಡಿದ್ಯಾ?” ಎಂದು ಅವ್ವ ಕೇಳುತ್ತಾಳೆ. “ಕೊರವಂಜಿಯರ ಕೆಲಸ ನಮ್ಮ ಮನೆ ಹುಡುಗಿಗೆ ಯಾಕೆ?” ಎಂದು ಅಪ್ಪ ಸಿಟ್ಟಾಗಿದ್ದಾರೆ, ನಮ್ಮ ಅಜ್ಜಿಯ ಮುಂಗೈ ತುಂಬ ಹಚ್ಚೆ ಇದ್ದರೂ. ಗೆಳತಿಯೊಬ್ಬಳು ಆನ್‌ಲೈನ್‌ನಲ್ಲಿ ಕಿಟ್ ತರಿಸಿ ವಿಡಿಯೋ ನೋಡಿಕೊಂಡೇ ಕಲಿ ಅನ್ನುತ್ತಾಳೆ. ಪಿಯುಸಿ ಓದುತ್ತಿರುವ ನನ್ನ ತಮ್ಮ, 17 ವರ್ಷ, ಆರ್ಮಿ ಸೇರುವ ತಯಾರಿಯಲ್ಲಿದ್ದಾನೆ. ಮೊದಲ ಟ್ಯಾಟೂ ತನ್ನ ತೋಳಿಗೇ ಹಾಕು, ಹುಲಿ ಬೇಕು ಎಂದು ದುಂಬಾಲು ಬಿದ್ದಿದ್ದಾನೆ. ನಾನೇನು ಮಾಡಲಿ?
– ಹೆಸರು ಬೇಡ, ರಾಣೆಬೆನ್ನೂರು

ಉತ್ತರ: ಬೆಂಗಳೂರಿಗೆ ಹೋಗಿ. ಆದರೆ ಆ ಕಲಾವಿದರು ಬಾಯಲ್ಲಿ ಹೇಳಿದ್ದನ್ನಷ್ಟೇ ನಂಬಿಕೊಂಡು ಹೊರಡಬೇಡಿ. ಎದುರು ಕೂತು ಮಾತಾಡಿ, ಕಾಗದದ ಮೇಲೆ ಬರೆಸಿಕೊಂಡು ಹೋಗಿ.

ಮೂರು ವರ್ಷ ಮೆಹಂದಿ ಹಾಕಿದ ಕೈ ಏನೂ ಅರಿಯದ ಕೈಯಲ್ಲ. ಗೆರೆ ಎಲ್ಲಿ ದಪ್ಪವಾಗಬೇಕು, ಎಲ್ಲಿ ಎಳೆಯಷ್ಟು ಸಣ್ಣಗಾಗಬೇಕು ಎನ್ನುವ ಹದ ನಿಮಗೆ ಬಂದಿದೆ. ಬೆರಳ ತುದಿಯಿಂದ ಮೊಣಕೈವರೆಗೆ ವಿನ್ಯಾಸ ಹೇಗೆ ಸುತ್ತಿಕೊಂಡು ಹೋಗಬೇಕು, ಎಲ್ಲಿ ಚರ್ಮವನ್ನು ಖಾಲಿ ಬಿಟ್ಟರೆ ಚೆಂದ ಎನ್ನುವುದೂ ತಿಳಿದಿದೆ. ಗಂಟೆಗಟ್ಟಲೆ ಕೈ ಚಾಚಿ ಕೂರಬೇಕಾದ ಮದುಮಗಳನ್ನು ಬೇಸರವಾಗದಂತೆ ಮಾತಾಡಿಸುತ್ತ ಕೂರಿಸಿಕೊಳ್ಳುವುದು ಗೊತ್ತು. ಟ್ಯಾಟೂ ಹಾಕಿಸಿಕೊಳ್ಳಲು ಬಂದವರಿಗೆ ನೋವಿರುತ್ತದೆ, ಹೆದರಿಕೆ ಇರುತ್ತದೆ. ಅವರನ್ನು ಸಂಭಾಳಿಸುವುದು ಚಿತ್ರಕಲೆ ಓದಿದ ಎಷ್ಟೋ ಜನರಿಗೆ ಬೇಗ ಬರುವುದಿಲ್ಲ. ನಿಮಗೆ ಅದು ಆಗಲೇ ಅರ್ಧ ಬಂದಿದೆ.

ಬರದೇ ಇರುವುದು ಬೇರೆಯದು. ಮೆಹಂದಿ ಹಿಡಿಯುವುದು ಚರ್ಮದ ತೀರಾ ಮೇಲಿನ ಪದರಕ್ಕೆ. ಆ ಪದರ ಉದುರುತ್ತ ಹೋದಂತೆ ಒಂದೆರಡು ವಾರದಲ್ಲಿ ಬಣ್ಣವೂ ಹೋಗುತ್ತದೆ. ಒಂದು ಎಲೆ ಸೊಟ್ಟಗಾದರೆ ಆಗಲೇ ಒರೆಸಿ ಮತ್ತೆ ಎಳೆಯಬಹುದು. ಟ್ಯಾಟೂ ಸೂಜಿ ಮೇಲ್ಪದರ ದಾಟಿ ಒಳಚರ್ಮದಲ್ಲಿ, ಸುಮಾರು ಒಂದರಿಂದ ಎರಡು ಮಿಲಿಮೀಟರ್ ಆಳದಲ್ಲಿ, ಶಾಯಿ ಬಿಡಬೇಕು. ಅಷ್ಟು ಇಳಿಯದಿದ್ದರೆ ಗಾಯ ಮಾಯುವಾಗಲೇ ಗೆರೆ ಅಲ್ಲಲ್ಲಿ ಕಿತ್ತು ಮಾಸುತ್ತದೆ. ಹೆಚ್ಚು ಇಳಿದರೆ ಶಾಯಿ ಅಂಚು ಬಿಟ್ಟು ಸುತ್ತಲೂ ನೀಲಿಯಾಗಿ ಹರಡಿಕೊಳ್ಳುತ್ತದೆ. ಈ ಕಸುಬಿನವರು ಅದನ್ನು ಬ್ಲೋಔಟ್ ಅನ್ನುತ್ತಾರೆ. ಅದನ್ನು ಒರೆಸಲು ಯಾವ ಬಟ್ಟೆಯೂ ಇಲ್ಲ. ಮಣಿಕಟ್ಟಿನ ಒಳಭಾಗದ ಚರ್ಮ ತೆಳು, ಭುಜದ್ದು ಗಟ್ಟಿ, ಪಕ್ಕೆಯದು ಪ್ರತಿ ಉಸಿರಿಗೂ ಅಲುಗುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಆಡುವ ಸೂಜಿ ಬಲಗೈಯಲ್ಲಿದ್ದಾಗ, ಎಡಗೈ ಚರ್ಮವನ್ನು ಎಷ್ಟು ಬಿಗಿಯಾಗಿ ಎಳೆದು ಹಿಡಿದಿದೆ ಎನ್ನುವುದರ ಮೇಲೆ ಗೆರೆ ನೇರ ಬರುತ್ತದೋ ಇಲ್ಲವೋ ನಿಂತಿದೆ. ಮೆಹಂದಿಯಲ್ಲಿ ಎಡಗೈಗೆ ಈ ಕೆಲಸವೇ ಇರಲಿಲ್ಲ. ಹಾಗಾಗಿ ನೀವು ಹೊಸದಾಗಿ ಕಲಿಯಬೇಕಾದದ್ದು ಬಲಗೈಗಿಂತ ಎಡಗೈಗೇ ಹೆಚ್ಚು.

ಈಗ ಹುಬ್ಬಳ್ಳಿಯ ಕೋರ್ಸು. ಟ್ಯಾಟೂ ಹಾಕಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಚರ್ಮ ಕೆಂಪಾಗಿ, ಶಾಯಿ ಕಪ್ಪಗೆ ಮಿರಿಮಿರಿ ಮಿಂಚುತ್ತದೆ. ಫೋಟೋ ತೆಗೆದು ಹಾಕಿದರೆ ಲೈಕು ಬೀಳುತ್ತವೆ. ಆಮೇಲೆ ಹೊಟ್ಟು ಏಳುತ್ತದೆ, ತುರಿಸುತ್ತದೆ, ಸಿಪ್ಪೆ ಉದುರುತ್ತದೆ. ಮೇಲ್ಪದರ ಮಾಯಲು ಎರಡರಿಂದ ನಾಲ್ಕು ವಾರ ಬೇಕು. ಗೆರೆ ನಿಂತಿದೆಯೋ ಹರಡಿದೆಯೋ ಎನ್ನುವುದು ಗೊತ್ತಾಗುವುದು ಆಗಲೇ. ಒಂದು ತಿಂಗಳ ಕೋರ್ಸಿನಲ್ಲಿ ಕೊನೆಯ ವಾರ ಒಬ್ಬರಿಗೆ ಟ್ಯಾಟೂ ಹಾಕುತ್ತೀರಿ ಎಂದುಕೊಳ್ಳಿ. ಅದು ಮಾಯುವ ಹೊತ್ತಿಗೆ ನೀವು ಸರ್ಟಿಫಿಕೇಟ್ ಹಿಡಿದು ಊರಿಗೆ ಬಂದಿರುತ್ತೀರಿ. ನಿಮ್ಮ ಕೈ ಮಾಡಿದ ಕೆಲಸದ ಫಲಿತಾಂಶವನ್ನು ಒಮ್ಮೆಯೂ ನೋಡದೆ, ಯಾವ ತಪ್ಪಿಗೆ ಯಾವ ಕಾರಣ ಎಂದು ಯಾರ ಬಾಯಿಂದಲೂ ಕೇಳದೆ ಅಂಗಡಿ ತೆರೆದಂತಾಗುತ್ತದೆ. ಸ್ಟುಡಿಯೋದಲ್ಲಿ ಒಂದು ವರ್ಷ ಕೂತವರಿಗೆ ಹಾಗಾಗುವುದಿಲ್ಲ. ಟಚ್‌ಅಪ್‌ಗೆಂದು ವಾಪಸು ಬರುವ ಪ್ರತಿಯೊಬ್ಬರ ಕೈಕಾಲೂ ಒಂದೊಂದು ಪಾಠ. ಈ ಕಸುಬನ್ನು ಜೊತೆಗಿದ್ದು ಕಲಿಯಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ. ಇಲ್ಲಿ ಕಲಿಯುವವರ ಅವಸರಕ್ಕೆ ಬೆಲೆ ತೆರುವುದು ಇನ್ನೊಬ್ಬರ ಮೈ.

ಗಂಟೆಗಳ ಲೆಕ್ಕವನ್ನೂ ನೋಡಿ. ಟ್ಯಾಟೂ ಹಾಕಲು ಸರ್ಕಾರಿ ಪರವಾನಗಿ ಬೇಕೆನ್ನುವ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕನಿಷ್ಠ 360 ಗಂಟೆ ತರಬೇತಿ ಆಗಿರಬೇಕು, ಮೇಲ್ವಿಚಾರಣೆಯಲ್ಲಿ 50 ಟ್ಯಾಟೂ ಮುಗಿಸಿರಬೇಕು. ನಿಮ್ಮ ಕೋರ್ಸು ಒಂದು ದಿನವೂ ತಪ್ಪದೆ ಹೋದರೆ 90 ಗಂಟೆ. ಇನ್ನು ಆ ಅಂತರರಾಷ್ಟ್ರೀಯ ಸರ್ಟಿಫಿಕೇಟ್. ವೈದ್ಯರಿಗೆ, ವಕೀಲರಿಗೆ ಇರುವಂಥ ನೋಂದಣಿ ಮಂಡಳಿ ನಮ್ಮ ದೇಶದಲ್ಲಿ ಟ್ಯಾಟೂ ಕಲಾವಿದರಿಗೆ ಇಲ್ಲ. ಹಾಗಿರುವಾಗ ಆ ಕಾಗದ ಯಾವ ಬಾಗಿಲನ್ನೂ ತೆರೆಯುವುದಿಲ್ಲ. ಮುಂದೆ ನಿಮ್ಮ ಬಳಿ ಬರುವವರು ನೋಡುವುದು ಮಾಯ್ದ ಟ್ಯಾಟೂಗಳ ಫೋಟೋಗಳನ್ನು. ಅವನ್ನು ಈಗಿನಿಂದಲೇ ಕೂಡಿಡಲು ಬೇಕಾಗುವುದು ಕಾಲ. 60,000 ರೂಪಾಯಿ ಕೈಯಲ್ಲಿದ್ದರೆ ಬೆಂಗಳೂರಿನ ಪಿಜಿ ಬಾಡಿಗೆಗೆ ಎತ್ತಿಡಿ.

ಅವ್ವನ ಮಾತಿಗೆ ಬರೋಣ. ಟೇಬಲ್ ಒರೆಸುವ ಆ ಮೂರು ತಿಂಗಳನ್ನು ಅವರು ಕೂಲಿಯಂತೆ ಕಾಣುತ್ತಿದ್ದಾರೆ. ಅವರಿಗೆ ಹೀಗೆ ಹೇಳಿ ನೋಡಿ: ಟ್ಯಾಟೂ ಎಂದರೆ ಗಾಯ, ಗಾಯ ಎಂದರೆ ರಕ್ತ. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲಿ ಕೂಡ, ಕನಿಷ್ಠ ಏಳು ದಿನ ಜೀವ ಹಿಡಿದಿರಬಲ್ಲದು. ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಸಾಕು. ಅದಕ್ಕೇ ಪ್ರತಿಯೊಬ್ಬ ಗ್ರಾಹಕರಿಗೂ ಹೊಸ ಸೂಜಿ, ಅದೂ ಅವರ ಕಣ್ಣೆದುರೇ ಒಡೆದ ಪೊಟ್ಟಣದಿಂದ, ಪೊಟ್ಟಣದ ಮೇಲಿನ ಅವಧಿಯ ದಿನಾಂಕ ನೋಡಿ. ಶಾಯಿ ಸುರಿಯುವ ಪುಟ್ಟ ಬಟ್ಟಲು ಒಂದೇ ಸಲಕ್ಕೆ. ಉಳಿದ ಶಾಯಿ ಬಾಟಲಿಗೆ ವಾಪಸು ಹೋಗಕೂಡದು. ಮಷಿನ್, ಅದರ ವೈರು, ಸ್ಪ್ರೇ ಬಾಟಲಿ, ದೀಪದ ಹಿಡಿಕೆ ಎಲ್ಲದಕ್ಕೂ ಪ್ಲಾಸ್ಟಿಕ್ ಹೊದಿಕೆ. ಮರುಬಳಕೆಯ ಸ್ಟೀಲ್ ಹಿಡಿಕೆಗಳಿದ್ದರೆ ತೊಳೆದು, ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಒತ್ತಡದಡಿ ಹದಿನೈದಿಪ್ಪತ್ತು ನಿಮಿಷ ಇಡಬೇಕು. ಬಿಸಿನೀರಲ್ಲಿ ಅದ್ದಿ ತೆಗೆದರೆ ಸಾಲದು. ಗ್ಲೌಸ್ ತೊಟ್ಟ ಕೈ ಮೊಬೈಲ್ ಮುಟ್ಟಿತೋ, ಆ ಗ್ಲೌಸ್ ಕಸಕ್ಕೆ. ಬಳಸಿದ ಸೂಜಿ ಚುಚ್ಚದಂಥ ಗಟ್ಟಿ ಡಬ್ಬಿಗೆ ಬೀಳಬೇಕು. ಅದು ಮಾಮೂಲಿ ಕಸದಲ್ಲಿ ಸೇರಿದರೆ ಮಾರನೆಯ ಬೆಳಿಗ್ಗೆ ಚುಚ್ಚುವುದು ಪೌರಕಾರ್ಮಿಕರ ಕೈಗೆ. ಇದನ್ನೆಲ್ಲ ಪುಸ್ತಕದಲ್ಲಿ ಓದಲು ಒಂದು ಸಂಜೆ ಸಾಕು. ಅಂಗಡಿ ಗಿಜಿಗುಟ್ಟುತ್ತಿರುವ ಶನಿವಾರ ಸಂಜೆ, ಸೊಂಟ ನೋಯುತ್ತಿರುವಾಗಲೂ ತಪ್ಪದಂತೆ ಮಾಡಲು ಮೂರು ತಿಂಗಳು ಹೆಚ್ಚೇನಲ್ಲ.

ನಿಮ್ಮ ಗೆಳತಿ ಹೇಳಿದ ಆನ್‌ಲೈನ್ ಕಿಟ್ ಬೇಡ ಎನ್ನಲೂ ಇದೇ ಕಾರಣ. ವಿಡಿಯೋ ನಿಮ್ಮ ಗೆರೆಯನ್ನು ನೋಡಲಾರದು, ಕೈ ತಡೆಯಲಾರದು. ಕಿಟ್ ಜೊತೆ ಬರುವ ಶಾಯಿಯಲ್ಲಿ ಏನಿದೆಯೆಂದೂ ತಿಳಿಯದು. 2025ರಲ್ಲಿ ನಮ್ಮ ರಾಜ್ಯದ ಆರೋಗ್ಯ ಸಚಿವರೇ ಟ್ಯಾಟೂ ಶಾಯಿಯ ಮಾದರಿಗಳಲ್ಲಿ ಅಪಾಯಕಾರಿ ಲೋಹಗಳು ಸಿಕ್ಕ ವಿಷಯವನ್ನು ಬಹಿರಂಗವಾಗಿ ಹೇಳಿದ್ದರು. ಐರೋಪ್ಯ ಒಕ್ಕೂಟ 2022ರಿಂದ ಟ್ಯಾಟೂ ಶಾಯಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹಾಕಿದೆ. ಯಾವ ಶಾಯಿ, ಯಾವ ಬ್ಯಾಚು, ಎಲ್ಲಿಂದ ಬಂತು ಎಂದು ಕೇಳಿದರೆ ನಿಮ್ಮ ಗುರುಗಳು ಬಾಟಲಿ ತೋರಿಸಿ ಉತ್ತರ ಹೇಳಬೇಕು. ಹೇಳದಿದ್ದರೆ ಆ ಸ್ಟುಡಿಯೋ ಬಿಟ್ಟು ಬೇರೆಯದು ಹುಡುಕಿ.

ಮಷಿನ್ ಮುಟ್ಟದ ದಿನಗಳಲ್ಲಿ ನಿಮಗೆ ಸಿಗುವ ಇನ್ನೊಂದು ಕೆಲಸ ಸ್ಟೆನ್ಸಿಲ್. ನೇರಳೆ ಕಾಗದದಿಂದ ಚಿತ್ರವನ್ನು ಚರ್ಮಕ್ಕೆ ಇಳಿಸುವಾಗ ಗ್ರಾಹಕರು ಕೈ ಇಳಿಬಿಟ್ಟು ನೆಟ್ಟಗೆ ನಿಂತಿರಬೇಕು. ಮಂಚದ ಮೇಲೆ ಕೈ ತಿರುಗಿಸಿ ಮಲಗಿದಾಗ ಹಚ್ಚಿದ ಚಿತ್ರ ಎದ್ದು ನಿಂತರೆ ಸೊಟ್ಟಗಾಗುತ್ತದೆ. ಬಲಗೈಯವರು ಸ್ಟೆನ್ಸಿಲ್‌ನ ಕೆಳಗಿನ ಬಲಮೂಲೆಯಿಂದ ಶುರು ಮಾಡುತ್ತಾರೆ, ಒರೆಸುವಾಗ ಉಳಿದ ಗೆರೆ ಅಳಿಸದಿರಲಿ ಎಂದು. ಇಲ್ಲಿ ನಿಮಗೊಂದು ಅನುಕೂಲವಿದೆ. ಬೆಂಗಳೂರಿನ ಸ್ಟುಡಿಯೋಗಳಿಗೆ ಅಪ್ಪ, ಅಮ್ಮ, ಮಗಳ ಹೆಸರು ಕನ್ನಡದಲ್ಲೇ ಬೇಕೆಂದು ಬರುವವರು ಬಹಳ; ಸೂಜಿ ಹಿಡಿದವರು ಹೊರರಾಜ್ಯದವರಾದರೆ ಅಕ್ಷರ ಅವರಿಗೆ ಬರೀ ಚಿತ್ರ. ಕಂಪ್ಯೂಟರಿನಲ್ಲಿ ಫಾಂಟ್ ಕೈಕೊಟ್ಟು ಒತ್ತಕ್ಷರ ಒಡೆದು ಪಕ್ಕಕ್ಕೆ ಬಿದ್ದಿದ್ದರೂ ಅವರಿಗೆ ತಿಳಿಯುವುದಿಲ್ಲ. ನಮ್ಮ ಲಿಪಿಯ ಇನ್ನೊಂದು ಸೂಕ್ಷ್ಮ ನೋಡಿ: ದಕಾರಕ್ಕೂ ಧಕಾರಕ್ಕೂ, ಪಕಾರಕ್ಕೂ ಫಕಾರಕ್ಕೂ ಒಂದು ಪುಟ್ಟ ಗೀಟಿನ, ಸುಳಿಯ ವ್ಯತ್ಯಾಸ. ಚರ್ಮದೊಳಗಿನ ಗೆರೆ ವರ್ಷಗಳು ಕಳೆದಂತೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತದೆ. ತೀರಾ ಸಣ್ಣದಾಗಿ ಬರೆದರೆ ಹತ್ತು ವರ್ಷದ ಮೇಲೆ ‘ಮಾಧವ’ ‘ಮಾದವ’ ಆಗಿಬಿಡಬಹುದು, ತಲೆಕಟ್ಟು ಪಕ್ಕದ ಕೊಂಬಿಗೆ ಸೇರಿಹೋಗಬಹುದು. ಎಷ್ಟು ಗಾತ್ರಕ್ಕಿಂತ ಕಡಿಮೆ ಬರೆಯಬಾರದು, ಒಳಗಿನ ಬಿಳಿಜಾಗ ಎಷ್ಟು ಬಿಡಬೇಕು ಎಂದು ಈಗಿನಿಂದಲೇ ಕಾಗದದ ಮೇಲೆ ಅಭ್ಯಾಸ ಮಾಡಿ. ಮೊದಲ ತಿಂಗಳಿನಿಂದಲೇ ನೀವು ಆ ಸ್ಟುಡಿಯೋಗೆ ಬೇಕಾದವರಾಗುತ್ತೀರಿ.

ತಮ್ಮನಿಗೆ ಖಡಾಖಂಡಿತವಾಗಿ ಇಲ್ಲ ಎನ್ನಿ. ಅವನಿಗೆ 18 ತುಂಬಿಲ್ಲ, ಆ ಒಂದೇ ಮಾತು ಸಾಕು. ಅದರ ಮೇಲೆ ಆರ್ಮಿ. ಸೇನೆಯ ನೇಮಕಾತಿ ನಿಯಮದಂತೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ ಮತ್ತು ಅಂಗೈಯ ಹಿಂಬದಿಯಲ್ಲಿ ಮಾತ್ರ ಶಾಶ್ವತ ಟ್ಯಾಟೂಗೆ ಅವಕಾಶ. ಬುಡಕಟ್ಟು ಸಮುದಾಯದವರಿಗಷ್ಟೇ ಅವರ ಸಂಪ್ರದಾಯದ ಮೇರೆಗೆ ವಿನಾಯಿತಿ. ತೋಳಿನ ಮೇಲೆ ಹುಲಿ ಕೂತರೆ ಅವನ ಇಷ್ಟು ದಿನದ ಓಟ, ಪುಲ್‌ಅಪ್ಸ್ ಎಲ್ಲ ವೈದ್ಯಕೀಯ ತಪಾಸಣೆಯ ದಿನ ನೀರುಪಾಲು. ನೀವು ಈ ಕಸುಬಿಗೆ ಬಂದ ಮೇಲೆ ಹೀಗೆ ಬೇಡವೆನ್ನುವುದು ನಿಮ್ಮ ನಿತ್ಯದ ಕೆಲಸವಾಗುತ್ತದೆ. ಕುಡಿದು ಬಂದವರಿಗೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ, ಹಳೆಯ ಗಾಯ ಉಬ್ಬಿ ಗಂಟುಗಟ್ಟಿದವರಿಗೆ, ಅಂದರೆ ಕೆಲಾಯ್ಡ್ ಆಗುವವರಿಗೆ. ರಕ್ತದಾನ ಮಾಡುವವರಿಗೆ ಟ್ಯಾಟೂ ಆದ ಮೇಲೆ 12 ತಿಂಗಳು ಕೊಡುವಂತಿಲ್ಲ ಎಂದು ಮೊದಲೇ ಹೇಳಬೇಕು. ಬಂದ ದುಡ್ಡನ್ನು ವಾಪಸು ಕಳಿಸಲು ಧೈರ್ಯ ಬೇಕು, ಗುರುಗಳು ಹಾಗೆ ಕಳಿಸುವುದನ್ನು ಪಕ್ಕದಲ್ಲಿ ಕೂತು ನೋಡಿದವರಿಗೆ ಆ ಧೈರ್ಯ ಬರುತ್ತದೆ. ನೀವು ಮೊದಲು ಮಷಿನ್ ಆಡಿಸಬೇಕಾದದ್ದು ಸಿಲಿಕೋನ್ ಹಾಳೆಯ ಮೇಲೆ, ಮೋಸಂಬಿಯಂಥ ಹಣ್ಣಿನ ಸಿಪ್ಪೆಯ ಮೇಲೆ. ಆಮೇಲೆ ಗುರುಗಳ ಎದುರಿನಲ್ಲಿ, ನಿಮಗೆ ಮನಸ್ಸಿದ್ದರೆ, ನಿಮ್ಮದೇ ತೊಡೆಯ ಮೇಲೆ.

ಇಷ್ಟೆಲ್ಲ ಹೇಳಿದರೂ, ಗುರು ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಆರು ತಿಂಗಳು ಸಂಬಳವಿಲ್ಲ ಎನ್ನುವುದಾದರೆ, ಆ ಆರು ತಿಂಗಳಲ್ಲಿ ಏನೇನು ಕಲಿಸುತ್ತಾರೆ ಎಂಬುದು ಸ್ಪಷ್ಟವಾಗಿರಲಿ. ಸಿಲಿಕೋನ್ ಮೇಲೆ ಯಾವ ತಿಂಗಳು, ಜೀವಂತ ಚರ್ಮದ ಮೇಲೆ ಮೊದಲ ಸಣ್ಣ ಕೆಲಸ ಯಾವ ತಿಂಗಳು, ಏಳನೇ ತಿಂಗಳಿನಿಂದ ಎಷ್ಟು ಸಂಬಳ ಅಥವಾ ಪ್ರತಿ ಟ್ಯಾಟೂವಿನಲ್ಲಿ ಎಷ್ಟು ಪಾಲು, ವಾರಕ್ಕೆ ಯಾವ ದಿನ ರಜೆ, ಸೂಜಿ ಚುಚ್ಚಿಕೊಂಡರೆ ಆಸ್ಪತ್ರೆ ಖರ್ಚು ಯಾರದು: ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ವಾರದ ರಜೆಯನ್ನು ಬಿಟ್ಟುಕೊಡಬೇಡಿ. ಮದುವೆ ಸೀಸನ್ನಿನಲ್ಲಿ ಬೆಂಗಳೂರಿನಲ್ಲಿ ಮೆಹಂದಿಗೆ ಊರಿಗಿಂತ ಹೆಚ್ಚು ಸಿಗುತ್ತದೆ, ಆ ವರುಷ ನಿಮ್ಮ ಊಟ, ಬಾಡಿಗೆ ನಡೆಯುವುದು ಅದರಿಂದಲೇ. ಡಿಗ್ರಿಯ ಮೂಲ ಅಂಕಪಟ್ಟಿ ಇಟ್ಟುಕೊಳ್ಳುತ್ತೇವೆ ಎಂದರೆ ಎದ್ದು ಬನ್ನಿ. ಬಿಟ್ಟುಹೋದ ಮೇಲೆ ಇಂತಿಷ್ಟು ವರ್ಷ ಬೇರೆಲ್ಲೂ ಟ್ಯಾಟೂ ಹಾಕಕೂಡದು ಎಂಬ ಷರತ್ತಿಗೆ ಹೆದರಬೇಕಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಒಬ್ಬರ ಉದ್ಯೋಗಕ್ಕೆ ಅಡ್ಡ ಬರುವ ಅಂಥ ಕರಾರಿಗೆ ಬೆಲೆಯಿಲ್ಲ.

ಹೆಣ್ಣುಮಗಳಾಗಿ ಇನ್ನೊಂದನ್ನು ನೋಡಿಕೊಳ್ಳಿ. ಆ ಸ್ಟುಡಿಯೋದಲ್ಲಿ ಈ ಹಿಂದೆ ಹುಡುಗಿಯರು ಕಲಿತಿದ್ದಾರೆಯೇ? ಇದ್ದರೆ ಅವರ ನಂಬರು ಪಡೆದು, ಗುರುಗಳಿಲ್ಲದ ಹೊತ್ತಿನಲ್ಲಿ ಅವರೊಡನೆ ಮಾತಾಡಿ. ಅವರು ಮಾತನ್ನು ನುಂಗಿಕೊಂಡರೆ ಅದನ್ನೇ ಉತ್ತರವೆಂದು ತಿಳಿಯಿರಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಂಬಳವಿಲ್ಲದ ಅಪ್ರೆಂಟಿಸ್‌ಗಳನ್ನೂ ಉದ್ಯೋಗಿಗಳೆಂದೇ ಎಣಿಸುತ್ತದೆ. ಹತ್ತು ಜನರಿಗಿಂತ ಕಡಿಮೆ ಇರುವ ಸ್ಟುಡಿಯೋಗಳಲ್ಲಿ ಆಂತರಿಕ ಸಮಿತಿ ಇರುವುದಿಲ್ಲ, ಆಗ ದೂರು ಕೊಡಬೇಕಾದದ್ದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ.

ಅಪ್ಪನ ಮಾತು ನನ್ನನ್ನು ಬಹಳ ಹೊತ್ತು ಕಾಡಿತು. ಕೊರವಂಜಿಯರ ಕೆಲಸ ಎಂದು ಅವರು ಹೇಳಿದ್ದು ನಿಜವೇ. ಅದನ್ನು ಹೀನಾಯವಾಗಿ ಹೇಳಿದ್ದು ತಪ್ಪು. ಊರೂರು ತಿರುಗಿ, ಜಗಲಿಯ ಮೇಲೆ ಕೂತು, ಸೂಜಿಗಳನ್ನು ಒಟ್ಟಿಗೆ ಕಟ್ಟಿ, ದೀಪದ ಮಸಿಗೆ ಸೊಪ್ಪಿನ ರಸ ಕಲಸಿ ನಮ್ಮ ಅಜ್ಜಿಯಂದಿರ ಮುಂಗೈಗೆ ಹಚ್ಚೆ ಹಾಕಿದವರು ಆ ಹೆಂಗಸರು. ನೋವು ಮರೆಯಲೆಂದು ಹಾಡುತ್ತಿದ್ದರು, ಕೂಲಿಯೆಂದು ಜೋಳವನ್ನೋ ಹಳೆಯ ಸೀರೆಯನ್ನೋ ಪಡೆಯುತ್ತಿದ್ದರು. 1909ರಲ್ಲಿ ಪ್ರಕಟವಾದ ಎಡ್ಗರ್ ಥರ್ಸ್ಟನ್ನರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟಗಳಲ್ಲೂ ಕೊರವ ಹೆಂಗಸರ ಹಚ್ಚೆಯ ಪ್ರಸ್ತಾಪವಿದೆ. ಅವರ ಮಕ್ಕಳು ತಾಯಿಯ ಜೊತೆ ತಿರುಗುತ್ತಲೇ ಕೈ ಪಳಗಿಸಿಕೊಂಡವರು. ಒಂದೇ ಸೂಜಿಗಟ್ಟನ್ನು ಓಣಿಯ ಎಲ್ಲರಿಗೂ ಬಳಸುತ್ತಿದ್ದ ಆ ಕಾಲದ ಪದ್ಧತಿ ಇವತ್ತಿಗೆ ಸಲ್ಲದು. ಆದರೆ ಅಜ್ಜಿಯ ಕೈಮೇಲಿನ ಗೆರೆಗಳು ಇಷ್ಟು ದಶಕ ಉಳಿದಿವೆಯಲ್ಲ, ಅವನ್ನು ಎಳೆದ ಕೈಯನ್ನು ಕೀಳೆನ್ನಲು ನಮಗೆ ಅಧಿಕಾರವಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಯಾರು ಹಾಕಿದರು, ಎಷ್ಟು ನೋವಾಯಿತು, ಬದಲಿಗೆ ಏನು ಕೊಟ್ಟರು ಎಂದು ಅಪ್ಪನ ಎದುರಿನಲ್ಲೇ ಕೇಳಿ. ಅವರು ತಮ್ಮ ತಾಯಿಯ ಬಾಯಿಂದ ಅದನ್ನು ಕೇಳಿಸಿಕೊಳ್ಳಲಿ.

ಆ ಸಿಟ್ಟಿನ ಹಿಂದೆ ಬೇರೆ ಭಯವೂ ಇರಬಹುದು: ಮದುವೆಯಾಗದ ಮಗಳು, ಬೆಂಗಳೂರು, ಗಂಡಸರ ಮೈ ಮುಟ್ಟುವ ಕೆಲಸ. ಈ ಭಯಕ್ಕೆ ವಾದ ಹೂಡಿ ಫಲವಿಲ್ಲ. ಒಂದು ದಿನ ಅವರನ್ನು ರೈಲು ಹತ್ತಿಸಿ ಕರೆದುಕೊಂಡು ಹೋಗಿ, ಕೆಲಸದ ಹೊತ್ತಿನಲ್ಲೇ ಎರಡು ಗಂಟೆ ಆ ಸ್ಟುಡಿಯೋದಲ್ಲಿ ಕೂರಿಸಿ. ಒಪ್ಪಂದದ ಹಾಳೆಯನ್ನು ಅವರೇ ಓದಲಿ. ಬಾಯಿಬಿಟ್ಟು ಒಪ್ಪದಿದ್ದರೂ ಮಗಳು ಎಲ್ಲಿ, ಯಾರ ಜೊತೆ, ಏನು ಮಾಡುತ್ತಾಳೆಂದು ಕಣ್ಣಾರೆ ಕಂಡ ಸಮಾಧಾನ ಅವರಿಗಿರುತ್ತದೆ. ಅಪ್ಪ ಬರುತ್ತಾರೆ ಎಂದಾಗ ಆ ಕಲಾವಿದರು ಹಿಂದೇಟು ಹಾಕಿದರೆ ಅವರ ಬಳಿ ಕಲಿಯಬೇಡಿ.

ಕೊನೆಯದಾಗಿ, ಊರು ಬಿಡುವ ಮೊದಲೇ ಆಸ್ಪತ್ರೆಗೆ ಹೋಗಿ ಹೆಪಟೈಟಿಸ್ ಬಿ ಲಸಿಕೆ ಶುರು ಮಾಡಿ. ಮೂರು ಡೋಸು: ಇವತ್ತೊಂದು, ಒಂದು ತಿಂಗಳಿಗೆ ಇನ್ನೊಂದು, ಮೊದಲನೆಯದರಿಂದ ಆರನೇ ತಿಂಗಳಿಗೆ ಮೂರನೆಯದು. ಹೆಪಟೈಟಿಸ್ ಸಿ ಕಾಯಿಲೆಗೆ ಲಸಿಕೆಯಿಲ್ಲ, ಅದಕ್ಕೆ ಎಚ್ಚರವೊಂದೇ ದಾರಿ. ನಿಮಗೆ ಮಷಿನ್ ಸಿಗುವ ಮುಂಚೆಯೇ ಎರಡನೇ ಡೋಸು ಆಗಿರಲಿ. ಮೂರನೆಯದನ್ನು ಬೆಂಗಳೂರಿನಲ್ಲೇ ಹಾಕಿಸಿಕೊಳ್ಳಬಹುದು, ಚೀಟಿ ಜೋಪಾನವಾಗಿ ಇಟ್ಟುಕೊಂಡಿರಿ.